ಸರ್ವೆ ನಂಬರ ನೂರಾ ಹದಿನಾಲ್ಕರ ಹಿಮ

ಸನ್ ೧೯೫೧ನೆಯ ಇಸವಿ ಮಾರ್ಚ ತಿಂಗಳ ಹನ್ನೆರಡನೆಯ ತಾರೀಖು, ಸೋಮವಾರ, ಮಧ್ಯಾಹ್ನ ಮೂರು ಗಂಟೆಗೆ ಠಾಣಾ ಕುಶನೂರಿನ ಸರ್ವೆ ನಂಬರ ನೂರಾ ಹದಿನಾಲ್ಕರ ಗುಡ್ಡದ ಮೇಲೆ ಹಿಮ ಬಿತ್ತು. ಸಂಶಯವಿದ್ದವರು ಔರಾದ ತಹಸೀಲ ಕಚೇರಿಗೆ ಬಂದು ಪಹಣಿ ಪತ್ರಿಕೆ ನೋಡಬಹುದು. ಬರುವಾಗ ಅರ್ಜಿ ತರಬೇಕು. ಅರ್ಜಿ ಇಲ್ಲದೆ ಬಂದು, "ಈ ಬಿಸಿಲಾಗ ಹಿಮ ಎಲ್ಲಿಂದ ಬಂತೋ ಯಪ್ಪಾ" ಅಂತ ಹಲ್ಲು ಕಿಸಿಯುವವರಿಗೆ ನಾನು ಉತ್ತರ ಕೊಡುವುದಿಲ್ಲ. ಹಿಮ ಬೀಳುವಾಗ ಮಸಿ ದೌತಿ ಹಿಡಿದು ಪಕ್ಕದಲ್ಲಿ ನಿಂತವನು ನಾನೇ. ನನ್ನ ಹೆಸರು ಕಾಶೀರಾಮ, ಆ ಕಚೇರಿಯ ಗುಮಾಸ್ತ.

ಹಿಮ ಬೀಳಲು ಕಾರಣ ಹೈದರಾಬಾದಿನಿಂದ ಬಂದ ಒಂದು ಕಾಗದ. ನಿಜಾಮರ ಆಳ್ವಿಕೆ ಮುಗಿಸಿದ ಪೋಲೀಸ್ ಆ್ಯಕ್ಷನ್ ಆಗಿ ಎರಡೂವರೆ ವರ್ಷವಾಗಿತ್ತು. ಕಾಗದದಲ್ಲಿ ಹೀಗೆ ಬರೆದಿತ್ತು:

"ಸಂಸ್ಥಾನವು ಭಾರತದಲ್ಲಿ ಕೂಡಿರುವ ಕಾರಣ ಹಿಮಾಲಯ ಪರ್ವತವು ಈಗ ಬೀದರ ಜಿಲ್ಲೆಯ ಪ್ರಜೆಗಳದ್ದೂ ಆಗಿರುತ್ತದೆ. ಸದರಿ ಪರ್ವತವನ್ನು ಅವರು ಈವರೆಗೆ ನೋಡದೇ ಇರುವುದು ವಿಷಾದಕರ. ಆದ್ದರಿಂದ ಪ್ರತಿ ಜಿಲ್ಲೆಯಿಂದ ಹನ್ನೆರಡು ಮಂದಿ ಗೌರವಸ್ಥರು ಮಾರ್ಗದರ್ಶಿ ಸಹಿತ ಒಂದು ಹಿಮಶಿಖರವನ್ನು ಹತ್ತತಕ್ಕದ್ದು. ಹತ್ತುವ ಪೂರ್ವದಲ್ಲಿ ತಮ್ಮ ಜಿಲ್ಲೆಯ ಹಿಮಪರ್ವತದ ಮೇಲೆ ಹದಿನೈದು ದಿನ ಅಭ್ಯಾಸ ಮಾಡತಕ್ಕದ್ದು. ಜಿಲ್ಲೆಯಲ್ಲಿರುವ ಹಿಮಪರ್ವತದ ಸರ್ವೆ ನಂಬರನ್ನು ಮರುಟಪಾಲಿನಲ್ಲಿ ತಿಳಿಸುವುದು."

ನಾನು ಹೊಸಬ. ನಮ್ಮ ಓಣಿಯಿಂದ ಕಚೇರಿಯ ಕುರ್ಚಿಯಲ್ಲಿ ಕೂತ ಮೊದಲನೆಯವ. ಬುದ್ಧಿ ಇನ್ನೂ ಬಲಿತಿರಲಿಲ್ಲ. ಉತ್ತರದ ಕಾಗದ ತೆಗೆದು "ಇಲ್ಲ" ಎಂದು ಬರೆದು, ಪೇಶ್ಕಾರ ಗುಲಾಮ ರಸೂಲ ಸಾಹೇಬರ ಮುಂದೆ ಇಟ್ಟೆ. ಪೇಶ್ಕಾರರೆಂದರೆ ಕಚೇರಿಯ ಕಾಗದಕ್ಕೆಲ್ಲ ಮಾಲಕರು. ನಿಜಾಮರ ಕಾಲದಿಂದ ಇಪ್ಪತ್ತೆರಡು ವರ್ಷ ಅದೇ ಮೇಜಿನ ಹಿಂದೆ ಕೂತವರು. ಅವರು ಆ ಎರಡಕ್ಷರ ಓದಿ ಕನ್ನಡಕ ತೆಗೆದರು.

"ಕಾಶೀರಾಮ, ಇಲ್ಲ ಅಂತ ಬರಿಬ್ಯಾಡಪ್ಪ," ಅಂದರು. "ಹೊಸಾ ಸರಕಾರ ಮೊದಲನೇ ಸಲ ನಮ್ಮನ್ನ ಏನರೆ ಕೇಳ್ಲತ್ತದ. ಕೇಳಿದ್ದಕ್ಕ ಗುಲಾಮ ರಸೂಲ ಅನ್ನೋ ಹೆಸರಿನವ ಇಲ್ಲ ಅಂತ ದಸ್ಕತ್ ಹಾಕಿದ್ರ, ಹೈದರಾಬಾದನ್ಯಾಗ ಏನ್ ತಿಳಕೋತಾರ? ಇವ ಇನ್ನಾ ಹಳೇ ಮಾಲಕನ ಕಡಿ ಅದಾನ ಅಂತಾರ. ನನ್ನ ಜೊತಿಯವರು ಎಷ್ಟ್ ಮಂದಿ ನೌಕರಿ ಕಳಕೊಂಡು ಮನ್ಯಾಗ ಕುಂತಾರ, ನಿನಗ ಗೊತ್ತದ."

"ಆದ್ರ ಹಿಮ ಇಲ್ಲಲ್ರಿ ಸಾಹೇಬ್ರ?"

"ಈಗ ಇಲ್ಲ," ಅಂದರು ಅವರು. ಫೈಲಿಗೆ ನಂಬರು ಬಿತ್ತು.

ಬೀದರಿನ ಗಂಜಿನಲ್ಲಿ, ಅಂದರೆ ಕಾಳಿನ ಪೇಟೆಯಲ್ಲಿ, ತೊಗರಿ ಚೀಲಗಳ ನಡುವೆ, ಹಿಮಪರ್ವತಾರೋಹಣ ಸಮಿತಿಯ ಮೊದಲ ಸಭೆ ಸೇರಿತು. ಅಧ್ಯಕ್ಷರಾಗಿ ಅಡತಿ ವ್ಯಾಪಾರಿ ಜ್ಞಾನೇಶ್ವರ ಸಾವುಕಾರರು ಸರ್ವಾನುಮತದಿಂದ ಆರಿಸಿ ಬಂದರು, ಯಾಕಂದರೆ ಕೂರುವ ಗಾದಿ ಅವರದ್ದೇ ಆಗಿತ್ತು. ಸಾವುಕಾರರು ಆಗಲೇ ಉಣ್ಣೆಯ ಉದ್ದ ಕೋಟು ಹೊಲಿಯಲು ಹಾಕಿಬಿಟ್ಟಿದ್ದರು. ಅವರ ಹೊಟ್ಟೆಯ ಅಳತೆ ತೆಗೆಯಲು ದರ್ಜಿ ಎರಡು ಸಲ ಟೇಪು ಕೂಡಿಸಿದ ಎಂಬುದು ಫೈಲಿನಲ್ಲಿಲ್ಲ, ಆದರೂ ಖರೆ.

ಸಭೆಯಲ್ಲಿ ಜಗಳ ಎದ್ದದ್ದು ಹಿಮ ಇದೆಯೋ ಇಲ್ಲವೋ ಎಂಬುದಕ್ಕಲ್ಲ. ಯಾವ ತಾಲೂಕಿನಲ್ಲಿ ಬೀಳಬೇಕು ಎಂಬುದಕ್ಕೆ. ಭಾಲ್ಕಿಯವರು ಎದ್ದು ನಿಂತು, "ನಮ್ಮೂರಿಗೆ ರೈಲ ಅದ. ನಾಳಿ ನೋಡ್ಲಿಕ್ಕ ಬಂದವರು ಇಳಿಯೋದೆಲ್ಲಿ? ಹಿಮ ಭಾಲ್ಕಿಗೇ ಬೇಕು," ಅಂತ ಮೇಜು ಗುದ್ದಿದರು. ಔರಾದದವರು, "ರೈಲೂ ನಿಮಗ, ಹಿಮಾನೂ ನಿಮಗ, ನಮಗೇನು ಧೂಳ ಏನ್ರಿ?" ಎಂದು ತಿರುಗಿ ಬಿದ್ದರು. ಎರಡು ತಾಸು ಬಾಯಿ ಬಾಯಿ ಆಯಿತು. ಕೊನೆಗೆ, ಭಾಲ್ಕಿಗೆ ಈಗಾಗಲೇ ರೈಲು ಇರುವುದರಿಂದ ಸಾಮಾಜಿಕ ನ್ಯಾಯದ ದೃಷ್ಟಿಯಿಂದ ಹಿಮವನ್ನು ಔರಾದ ತಾಲೂಕಿಗೆ ಕೊಡತಕ್ಕದ್ದೆಂದು ಠರಾವಾಯಿತು. ಭಾಲ್ಕಿಯವರು ಲಿಖಿತ ವಿರೋಧ ದಾಖಲಿಸಿ ಚಹಾ ಕುಡಿದರು.

ತಾಲೂಕಿನಲ್ಲಿ ಗುಡ್ಡ ಅನ್ನಿಸಿಕೊಳ್ಳುವಂಥದ್ದು ಠಾಣಾ ಕುಶನೂರಿನದ್ದು. ಎರಡು ಈಚಲಮರದಷ್ಟು ಎತ್ತರ, ಮೇಲೆ ಕರಡ ಹುಲ್ಲು. ಊರಿನ ಲೆಕ್ಕ ಬರೆಯುವ ಪಟವಾರಿ ಹಣಮಂತಪ್ಪನನ್ನು ಪಹಣಿ ಸಮೇತ ಕಚೇರಿಗೆ ಕರೆಸಿದೆವು. ಪಹಣಿ ಅಂದರೆ ಯಾರ ಹೊಲದಲ್ಲಿ ಏನಿದೆ ಎಂದು ಬರೆಯುವ ಪುಸ್ತಕ. ನಮ್ಮ ಸೀಮೆಯಲ್ಲಿ ಒಬ್ಬನ ಹೊಲದಲ್ಲಿ ಜೋಳ ಎದೆಮಟ ನಿಂತಿದ್ದರೂ ಪಹಣಿಯಲ್ಲಿ ಬೀಳು ಅಂತ ಇದ್ದರೆ ಅದು ಬೀಳು. ಜೋಳ ಬೇಕಾದರೆ ಮನೆಗೆ ಒಯ್ದು ರೊಟ್ಟಿ ಮಾಡಿಕೊಂಡು ತಿನ್ನಲಿ, ಅದಕ್ಕೆ ಕಚೇರಿಯ ಅಡ್ಡಿ ಇಲ್ಲ. ಆದರೆ ಅದು ಬೀಳೇ.

ಹಣಮಂತಪ್ಪ ಪುಸ್ತಕ ಬಿಡಿಸಿ ತಲೆ ಕೆರೆದುಕೊಂಡ. "ಸಾಹೇಬ್ರ, ಹಿಮಕ್ಕ ಖಾನಾನೇ ಇಲ್ರಿ. ಮಣ್ಣಿಂದದ, ಭಾವಿದದ, ಗಿಡದ್ದದ, ಫಸಲಿಂದದ. ಎಲ್ಲಿ ಬರೀಲಿ?"

ಪೇಶ್ಕಾರರು ಯೋಚಿಸಿದರು. "ಹಿಮ ಮಣ್ಣಲ್ಲ, ಭಾವಿ ಅಲ್ಲ, ಗಿಡ ಅಲ್ಲ. ವರ್ಷಕ್ಕೊಮ್ಮೆ ಬರ್ತದ, ಹೋಗ್ತದ. ಅಂದಮ್ಯಾಲ ಫಸಲು."

ಫಸಲಿನ ಖಾನೆಯಲ್ಲಿ ಹಣಮಂತಪ್ಪ ಉರ್ದುವಿನಲ್ಲಿ 'ಬರ್ಫ' ಎಂದು ಬರೆದ. ಗಡಿಯಾರ ನೋಡಿದೆ, ಮೂರು ಗಂಟೆ. ಹೊರಗೆ ನಾಯಿಗಳು ನಾಲಿಗೆ ಚಾಚಿ ನೆರಳಲ್ಲಿ ಬಿದ್ದಿದ್ದವು.

ಮರುದಿನ ಮುಂಜಾನೆ ಮಡೆಪ್ಪ ಎಂಬ ಕುರುಬ ಎಂದಿನಂತೆ ತನ್ನ ಮೂವತ್ತೆಂಟು ಕುರಿ ಹೊಡೆದುಕೊಂಡು ಆ ಗುಡ್ಡ ಹತ್ತಿದ. ಅವನ ಅಪ್ಪ, ಅಜ್ಜ ಕುರಿ ಮೇಯಿಸಿದ್ದು ಅಲ್ಲೇ. ಬೇಸಿಗೆಯಲ್ಲಿ ಸುತ್ತ ಹತ್ತು ಹರದಾರಿಯಲ್ಲಿ ಹುಲ್ಲು ಉಳಿಯುವುದು ಅದೊಂದೇ ಗುಡ್ಡದಲ್ಲಿ. ಆದರೆ ನಿಂತ ಫಸಲಿನಲ್ಲಿ ಕುರಿ ಹೊಕ್ಕರೆ ಸರಕಾರಿ ದೊಡ್ಡಿಯಾದ ಕೊಂಡವಾಡಕ್ಕೆ ಹಾಕಬೇಕೆಂಬ ಕಾಯಿದೆ ನಿಜಾಮರ ಕಾಲದಿಂದಲೂ ಇದೆ, ಅದನ್ನು ಹೊಸ ಸರಕಾರವೂ ರದ್ದು ಮಾಡಿಲ್ಲ. ತಳವಾರರು ಮೂವತ್ತೆಂಟನ್ನೂ ಔರಾದದ ಕೊಂಡವಾಡದ ಕಲ್ಲಿನ ಗೋಡೆಯೊಳಗೆ ಕೂಡಿ ಬಾಗಿಲು ಹಾಕಿದರು. ಇದರಲ್ಲಿ ಯಾರದ್ದೂ ಕೆಟ್ಟ ಮನಸ್ಸಿರಲಿಲ್ಲ. ಯಾರಿಗೂ ಮನಸ್ಸು ಹಾಕುವ ಅಗತ್ಯವೇ ಬೀಳಲಿಲ್ಲ.

ಮಡೆಪ್ಪ ಕಂಬಳಿ ಹೊದ್ದು ಕಚೇರಿಗೆ ಬಂದ, ಜೊತೆಗೆ ಅವನ ಹೆಂಡತಿ ಪುತಳಾಬಾಯಿ.

"ಏನ್ ತಪ್ಪ ಮಾಡ್ಯಾವ್ರಿ ನಮ್ಮ ಕುರಿ?" ಅಂದ ಮಡೆಪ್ಪ.

"ಸರಕಾರಿ ಹಿಮದಾಗ ಹೊಕ್ಕಾವ," ಅಂದೆ.

"ಹಿಮ ಅಂದ್ರೇನ್ರಿ?"

ನನಗೂ ಸರಿಯಾಗಿ ಗೊತ್ತಿರಲಿಲ್ಲ. "ಬೆಳ್ಳಗಿರ್ತದ, ತಣ್ಣಗಿರ್ತದ," ಅಂದೆ.

ಪುತಳಾಬಾಯಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಮುಂದೆ ಬಂದಳು. "ನಿನ್ನಿ ಆ ಗುಡ್ಡದಾಗ ಬರಿಗಾಲಿಲೆ ನಿಂತು ನನ್ನ ಕಾಲ ಬೊಬ್ಬಿ ಬಂದಾವ, ನೋಡ್ರಿ ಇಲ್ಲಿ. ಇದು ತಂಪಿಗೆ ಬಂದದ್ದೇನ್ರಿ?"

"ಅತಿ ತಂಪಿಗೂ ಬೊಬ್ಬಿ ಬರ್ತಾವ," ಅಂದರು ಪೇಶ್ಕಾರರು. ಇದು ನಿಜ, ಆಮೇಲೆ ನಾನು ಡಾಕ್ಟರನ್ನು ಕೇಳಿ ಖಾತ್ರಿ ಮಾಡಿಕೊಂಡೆ. ಪುತಳಾಬಾಯಿಯ ಕಾಲಿನ ಬೊಬ್ಬೆಗಳನ್ನು ಹಿಮ ಬಿದ್ದದ್ದಕ್ಕೆ ಪ್ರತ್ಯಕ್ಷ ಸಾಕ್ಷಿ ಎಂದು ಫೈಲಿಗೆ ಸೇರಿಸಲಾಯಿತು.

ಮಡೆಪ್ಪ ಹಿಮವನ್ನು ಪಹಣಿಯಿಂದ ತೆಗೆಯಬೇಕೆಂದು ಅರ್ಜಿ ಕೊಟ್ಟ. ಅರ್ಜಿ ಬರೆದುಕೊಟ್ಟವನು ನಾನೇ, ಅವನಿಗೆ ಅಕ್ಷರ ಬರುತ್ತಿರಲಿಲ್ಲ. ಪೇಶ್ಕಾರರು ಅದನ್ನು ಸಹಾನುಭೂತಿಯಿಂದ ಪರಿಶೀಲಿಸಿದರು. ಫಸಲು ತೆಗೆಯಬೇಕಾದರೆ ಅದು ಕಟಾವಾಗಬೇಕು. ಹಿಮ ಕಟಾವಾಗುವುದಿಲ್ಲ, ಕರಗುತ್ತದೆ. ಕರಗಿದರೆ ನೀರಾಗುತ್ತದೆ. ನೀರು ಗುಡ್ಡದಿಂದ ಇಳಿದರೆ ಕೆಳಗಿನ ನಲವತ್ತು ಮನೆತನದ ಹೊಲಗಳು ನೀರಾವರಿ ಜಮೀನಾಗುತ್ತವೆ, ನೀರಿನ ತೆರಿಗೆ ಬೀಳುತ್ತದೆ. ಈ ಸುದ್ದಿ ಕಿವಿಗೆ ಬಿದ್ದದ್ದೇ ತಡ, ಠಾಣಾ ಕುಶನೂರಿನ ಗೌಡ ಮೊದಲ್ಗೊಂಡು ಅರ್ಧ ಊರು ಎತ್ತಿನ ಬಂಡಿ ಕಟ್ಟಿಕೊಂಡು ಕಚೇರಿಗೆ ಬಂತು. "ಸಾಹೇಬ್ರ, ನಿಮ್ಮ ಕಾಲ ಬೀಳ್ತೇವಿ, ಹಿಮ ಕರಗಸಬ್ಯಾಡ್ರಿ. ಗಟ್ಟಿ ಇರ್ಲಿ. ನಾವು ಸಾಕ್ಷಿ ಹೇಳ್ತೇವಿ," ಅಂದರು. ನಲವತ್ತು ಹೆಬ್ಬೆಟ್ಟು ಬಿದ್ದವು. ಅಲ್ಲಿಂದ ಮುಂದೆ ಆ ಊರಿನಲ್ಲಿ ಹಿಮ ಇಲ್ಲವೆಂದು ಹೇಳುವವನು ಮಡೆಪ್ಪ ಒಬ್ಬನೇ ಉಳಿದ.

ಇತ್ತ ಸಮಿತಿಗೆ ಮಾರ್ಗದರ್ಶಿ ಬೇಕಾಗಿದ್ದ. ನಿಯಮದ ಪ್ರಕಾರ ಮಾರ್ಗದರ್ಶಿಯು ಸದರಿ ಪರ್ವತದ ಮೇಲೆ ಕನಿಷ್ಠ ಹತ್ತು ವರ್ಷ ತಿರುಗಾಡಿದವನಿರಬೇಕು. ಅಂಥವನು ಇಡೀ ಜಿಲ್ಲೆಯಲ್ಲಿ ಒಬ್ಬನೇ ಇದ್ದ, ಮತ್ತು ಅವನು ಕಚೇರಿಯ ಕಟ್ಟೆಯ ಮೇಲೆಯೇ ಕೂತಿದ್ದ. ಹಳೇ ಜವಾನನ ಹಿತ್ತಾಳೆ ಬಿಲ್ಲೆ ಒಂದಿತ್ತು. ಅದರ ಮೇಲಿನ ನಿಜಾಮರ ಮುದ್ರೆ ಕಲ್ಲಿಗೆ ತಿಕ್ಕಿ ಅಳಿಸಿ, ಮಡೆಪ್ಪನ ಕಂಬಳಿಗೆ ಚುಚ್ಚಿ, 'ಮಾರ್ಗದರ್ಶಿ, ಹಿಮಪರ್ವತ, ದರ್ಜೆ ನಾಲ್ಕು' ಎಂದು ಹುಕುಂ ಕೊಟ್ಟೆವು.

"ಬಿಲ್ಲಿ ತಗೊಂಡು ಏನ್ ಮಾಡ್ಲಿರಿ? ನನಗ ನನ್ನ ಕುರಿ ಕೊಡ್ರಿ," ಅಂದ.

"ಗುಡ್ಡದ ಮ್ಯಾಲ ನೀನು ಹೋಗಬಹುದು. ಕುರಿ ಹೋಗೂ ಹಂಗಿಲ್ಲ. ಅವಕ್ಕ ಹುಕುಂ ಆಗಿಲ್ಲ."

ಏಪ್ರಿಲ್ ಎರಡನೇ ವಾರ ಅಭ್ಯಾಸ ಶುರುವಾಯಿತು. ಬೀದರಿನಿಂದ ಆರು, ಭಾಲ್ಕಿಯಿಂದ ನಾಲ್ಕು, ಔರಾದದಿಂದ ಎರಡು, ಹೀಗೆ ಹನ್ನೆರಡು ಗೌರವಸ್ಥರು ಲಾರಿಯಿಂದ ಇಳಿದರು. ನಿಯಮದಂತೆ ಪ್ರತಿಯೊಬ್ಬರೂ ಎರಡೆರಡು ಕಂಬಳಿ ಹೊದ್ದಿದ್ದರು. ಸಾವುಕಾರರು ಮಾತ್ರ ಹೊಸ ಕೋಟು ಹಾಕಿ, ಅದರ ಮೇಲೆ ಕಂಬಳಿ ಹೊದ್ದಿದ್ದರು. ಬಾವಿಯ ನೀರೆತ್ತುವ ಹಗ್ಗದಿಂದ ಹನ್ನೆರಡು ಜನರ ಸೊಂಟ ಕಟ್ಟಿ ತುದಿಯನ್ನು ಮಡೆಪ್ಪನ ಕೈಗೆ ಕೊಟ್ಟೆವು. ಅವನು ದಿನಾ ಕಾಲು ತಾಸಿನಲ್ಲಿ ಹತ್ತುವ ಗುಡ್ಡವನ್ನು ತಂಡವು ಮೂರು ತಾಸಿನಲ್ಲಿ ಹತ್ತಿತು. ಅರ್ಧ ದಾರಿಯಲ್ಲಿ ಸಾವುಕಾರರು, "ಮಡೆಪ್ಪಾ, ಜೀವಾ ಹೋಗ್ತದೋ," ಎಂದು ಕೂಗಿ ಧೊಪ್ಪನೆ ಬಿದ್ದರು, ಹಗ್ಗದ ಸಲುವಾಗಿ ಅವರ ಹಿಂದಿನ ಐದು ಜನರೂ ಬಿದ್ದರು. ಮಡೆಪ್ಪ ತತ್ರಾಣಿಯ ನೀರು ಹೊಯ್ದು ಎಬ್ಬಿಸಿದ. ಸಾವುಕಾರರು ವಿಪರೀತ ಚಳಿಯಿಂದ ಮೂರ್ಛೆ ಹೋದರೆಂದು ನಾನು ವರದಿಯಲ್ಲಿ ಬರೆದೆ. ಬೆವರಿಗೆ ಕಾಗದ ತೊಯ್ದು ಎರಡು ಸಲ ಬರೆಯಬೇಕಾಯಿತು.

ತುದಿ ಮುಟ್ಟಿದಾಗ ಹನ್ನೆರಡು ಜನ ಜೈಕಾರ ಹಾಕಿದರು. ಮಡೆಪ್ಪ ಹಾಕಲಿಲ್ಲ. ಅವನು ಮೊಣಕಾಲೆತ್ತರ ನಿಂತ ಹುಲ್ಲನ್ನು ನೋಡುತ್ತಿದ್ದ. ಒಂದು ಹಿಡಿ ಕಿತ್ತು ಕಂಬಳಿಯ ಗಂಟಿನಲ್ಲಿ ಕಟ್ಟಿಕೊಂಡ. ಸಂಜೆ ಔರಾದಕ್ಕೆ ನಡೆದು ಹೋಗಿ ಕೊಂಡವಾಡದ ಗೋಡೆಯ ಕಿಂಡಿಯಲ್ಲಿ ಕೈ ಹಾಕಿ ಆ ಹುಲ್ಲು ತಿನ್ನಿಸಿದ. ಹದಿನೈದು ದಿನವೂ ಹಂಗೇ ಮಾಡಿದ. ಕೊಂಡವಾಡದವರು ಹಾಕುವ ಒಣ ದಂಟಿನ ಜೊತೆ ಒಂದು ಹಿಡಿ ಹುಲ್ಲು ಮೂವತ್ತೆಂಟಕ್ಕೆ ಎಲ್ಲಿ ಸಾಲಬೇಕು? ಎರಡು ಸತ್ತವು. ನಾನು ನೋಡಿದೆ. ನೋಡಿ ಸಂಕಟ ಆಯಿತು, ಅದನ್ನು ಇಲ್ಲಿ ಹೇಳುತ್ತೇನೆ, ಫೈಲಿನಲ್ಲಿ ಹೇಳಲು ಜಾಗ ಇರಲಿಲ್ಲ.

ಅಷ್ಟರಲ್ಲಿ ಹೈದರಾಬಾದಿನಿಂದ ತಂತಿ ಬಂತು. ಹಿಮ ಪರೀಕ್ಷೆಗೆ ಒಬ್ಬ ದೊಡ್ಡ ಅಧಿಕಾರಿ ಬರುತ್ತಿದ್ದಾರೆ, ಸಮಯ ಕಡಿಮೆ ಇರುವುದರಿಂದ ರಸ್ತೆಯಿಂದಲೇ ನೋಡಿ ಹೋಗುತ್ತಾರೆ. ಕಚೇರಿಯಲ್ಲಿ ಎಲ್ಲರ ಮುಖ ಸಣ್ಣದಾಯಿತು. ಪಹಣಿಯಲ್ಲಿ ಹಿಮವಿತ್ತು, ನಲವತ್ತು ಹೆಬ್ಬೆಟ್ಟಿನಲ್ಲಿ ಹಿಮವಿತ್ತು, ಆದರೆ ರಸ್ತೆಯಿಂದ ಕಾಣುವಂತೆ ಇರಲಿಲ್ಲ. ಸಾವುಕಾರರು ಗಂಜಿನಿಂದ ಹತ್ತಿ ತರಿಸಲೇ ಎಂದರು. ಗಾಳಿಗೆ ಹಾರಿ ಹೋಗುತ್ತದೆ ಎಂದು ಪೇಶ್ಕಾರರು ಒಪ್ಪಲಿಲ್ಲ. ಕಟ್ಟೆಯ ಮೇಲಿಂದ ಪುತಳಾಬಾಯಿ ಎದ್ದು ಬಂದಳು.

"ಗುಡ್ಡ ಬೆಳ್ಳಗ ಕಾಣ್ಬೇಕು, ಹೌದಿಲ್ರಿ? ನನ್ನ ಕುರಿ ಬಿಡ್ರಿ. ಗ್ವಾಡಿಗಿ ಬಳಿಯೋ ಬಿಳಿ ಮಣ್ಣ ಬಳದು ಗುಡ್ಡದ ತುಂಬ ಹರವಿ ಕೊಡ್ತೇನಿ. ನಿಮ್ಮ ಹಿಮಾನೂ ಆಗ್ತದ, ಅವು ನಾಕ ಹುಲ್ಲ ಕಡ್ಡಿನರೆ ತಿಂತಾವ."

ನಮ್ಮ ಸೀಮೆಯ ಕುರಿಗಳೆಂದರೆ ಕಂಬಳಿಯಷ್ಟೇ ಕರ್ರಗೆ. ಆದರೆ ಬಿಳಿ ಮಣ್ಣು ಬೇಕಾದಷ್ಟಿತ್ತು. ತೊಂದರೆ ಒಂದೇ: ನಿಂತ ಫಸಲಿನ ಮೇಲೆ ಕುರಿ ಬಿಡುವ ಹುಕುಂ ಯಾರೂ ಕೊಡುವಂತಿಲ್ಲ. ಪೇಶ್ಕಾರರು ಒಂದು ತಾಸು ಕಣ್ಣು ಮುಚ್ಚಿ ಕೂತು, ಆಮೇಲೆ ಹೇಳಿದರು: "ಹಿಮದ ಮ್ಯಾಲ ಕುರಿ ಬಿಡ್ಲಿಕ್ಕ ಬರೂದಿಲ್ಲ. ಹಿಮದ ಮ್ಯಾಲ ಹಿಮ ಬಿಡ್ಲಿಕ್ಕ ಯಾರ ಅಡ್ಡಿ ಅದ?"

ಕೊಂಡವಾಡದ ರಿಜಿಸ್ಟರಿನಲ್ಲಿ 'ಕುರಿ' ಎಂಬಲ್ಲಿ ಗೀಟು ಎಳೆದು 'ಹಿಮ, ಮೂವತ್ತಾರು ನಗ' ಎಂದು ಬರೆದೆ. ಕೂಡಿದ್ದು ಮೂವತ್ತೆಂಟು, ಬಿಟ್ಟದ್ದು ಮೂವತ್ತಾರು. ಉಳಿದ ಎರಡರ ಮುಂದೆ 'ಕರಗಿದೆ' ಎಂದು ಷರಾ ಬರೆದೆ. ಮಡೆಪ್ಪ ಹೆಬ್ಬೆಟ್ಟು ಒತ್ತಿದ. ಬಾಗಿಲು ತೆಗೆದಾಗ ಕುರಿಗಳು ಅವನ ಕಂಬಳಿಗೆ ಮುಖ ತಿಕ್ಕಿದವು, ಪುತಳಾಬಾಯಿ ಒಂದೊಂದರ ಹೆಸರು ಹಿಡಿದು ಕರೆದು ಅತ್ತಳು. ಅದು ಕೆಲಸದ ವೇಳೆಯಲ್ಲಿ ನಡೆದದ್ದರಿಂದ ನಾನು ಆ ಕಡೆ ನೋಡಲಿಲ್ಲ, ಅಂದರೆ ಒಂದೇ ಸಲ ನೋಡಿದೆ.

ಅಧಿಕಾರಿಗಳು ಮಧ್ಯಾಹ್ನ ಜೀಪಿನಲ್ಲಿ ಬಂದರು. ಬಿಸಿಲಿಗೆ ಅಂಜಿ ಕೆಳಗೆ ಇಳಿಯಲಿಲ್ಲ. ಗುಡ್ಡದ ಮೇಲೆ ಅಲ್ಲಲ್ಲಿ ಬೆಳ್ಳಗೆ ಕಾಣುತ್ತಿತ್ತು. ದುರ್ಬೀನು ಹಚ್ಚಿ ನೋಡಿ, "ಹಿಮ ಸರಿದಾಡ್ಲತ್ತದಲ್ಲ?" ಅಂದರು.

"ಹೌದು ಹುಜೂರ್," ಅಂದರು ಪೇಶ್ಕಾರರು. "ಪರ್ವತದ ಮ್ಯಾಲ ಹಿಮ ಜಾರೋದು ಇರೋದೇ."

"ಕೆಳಗಿಂದ ಮ್ಯಾಲಕ್ಕ ಜಾರ್ಲತ್ತದ."

"ಹೊಸಾ ಹಿಮ ಹುಜೂರ್. ಇನ್ನಾ ರೂಢಿ ಇಲ್ಲ."

ಅಧಿಕಾರಿಗಳು ತಲೆಯಾಡಿಸಿ ಬರೆದುಕೊಂಡರು. ಅಷ್ಟರಲ್ಲಿ ಗುಡ್ಡದಿಂದ ಮ್ಯಾಂ ಅಂತ ಒಂದು ದನಿ ಬಂತು. "ಅದೇನು?" ಅಂದರು. "ಶೀತಗಾಳಿ," ಅಂದೆ ನಾನು. ನನ್ನ ನೌಕರಿಯಲ್ಲಿ ದೊಡ್ಡವರ ಮುಂದೆ ನಾನಾಗಿ ಬಾಯಿ ಬಿಟ್ಟದ್ದು ಅದೇ ಮೊದಲು, ಪೇಶ್ಕಾರರು ನನ್ನ ಬೆನ್ನು ತಟ್ಟಿದರು.

ತಿಂಗಳೊಪ್ಪತ್ತಿನಲ್ಲಿ ಹುಕುಂ ಬಂತು. ಬೀದರ ಜಿಲ್ಲೆಗೆ ಉತ್ತಮ ಗುಣಮಟ್ಟದ ಸ್ವಂತ ಹಿಮಪರ್ವತ ಇರುವುದು ದೃಢಪಟ್ಟಿದೆ. ಆದ್ದರಿಂದ ಸದರಿ ಜಿಲ್ಲೆಯವರು ಹಿಮಾಲಯಕ್ಕೆ ಹೋಗುವ ಅಗತ್ಯ ಇರುವುದಿಲ್ಲ. ಬೇರೆ ಜಿಲ್ಲೆಯ ತಂಡಗಳು ಇನ್ನು ಮುಂದೆ ಅಭ್ಯಾಸಕ್ಕೆ ಇಲ್ಲಿಗೇ ಬರತಕ್ಕದ್ದು. ಹಿಮದ ಮಟ್ಟವನ್ನು ಮೂವತ್ತಾರು ನಗಕ್ಕಿಂತ ಕಡಿಮೆಯಾಗದಂತೆ ಕಾಪಾಡತಕ್ಕದ್ದು. ಸಾವುಕಾರರು ಕೋಟನ್ನು ಬಿಚ್ಚಿ ಬೇವಿನ ಎಲೆ ಹಾಕಿ ಟ್ರಂಕಿನಲ್ಲಿ ಇಟ್ಟರು. ಪೇಶ್ಕಾರರು ಮಾತ್ರ ಹುಕುಂ ಓದಿ ಕಣ್ಣಿಗೆ ಒತ್ತಿಕೊಂಡರು. "ಪೆನ್ಷನ್ ತನಕ ಇನ್ನ ಯಾರೂ ನನ್ನ ಏನೂ ಕೇಳೂದಿಲ್ಲ," ಅಂದರು. ಕೇಳಲೂ ಇಲ್ಲ.

ಆ ವರ್ಷ ಮಳೆಗಾಲ ಮುಗಿದ ಮೇಲೆ ಮಡೆಪ್ಪ ಎರಡು ಟಗರು ಹಿಡಿದು ಭಾಲ್ಕಿಯ ಸಂತೆಗೆ ಹೊರಟ. ಮಾರಲು ತಹಸೀಲಿನ ಚೀಟಿ ಬೇಕು. ನಾನು ರಿಜಿಸ್ಟರು ತೆಗೆದು ನೋಡಿದೆ.

"ಮಡೆಪ್ಪ, ನಿನ್ನ ಹೆಸರಿಲೆ ಕುರಿ ಇಲ್ಲ."

"ಇವೇನ್ರಿ ಮತ್ತ?" ಅಂದ, ಟಗರಿನ ಕೋಡು ಹಿಡಿದು.

"ಇವು ಹಿಮ. ಸರಕಾರದ್ದು. ನೀನೇ ಹೆಬ್ಬೆಟ್ಟು ಒತ್ತಿದಿ."

ಅವನು ಟಗರಿನ ಮುಖ ನೋಡಿದ, ಆಮೇಲೆ ನನ್ನ ಮುಖ ನೋಡಿದ. ಪುತಳಾಬಾಯಿ, "ಸತ್ತ ಹೋಗ್ಲಿ ನಿಮ್ಮ ಕಚೇರಿ, ನಿಮ್ಮ ಕಾಗದಾ ಗೆದ್ದಲ ಹಿಡೀಲಿ!" ಎಂದು ಎರಡೂ ಕೈ ಎತ್ತಿ ಶಾಪ ಹಾಕಿದಳು. ಅವಳ ಸಿಟ್ಟು ನ್ಯಾಯವೇ. ಆದರೆ ಮತ್ತೆ ಕುರಿ ಅಂತ ಬರೆದರೆ ಆ ಕ್ಷಣವೇ ಅವು ಕೊಂಡವಾಡಕ್ಕೆ ಹೋಗಬೇಕು. ಹಿಮವಾಗಿದ್ದರೆ ಗುಡ್ಡದ ಹುಲ್ಲು ತಿನ್ನಬಹುದು. ಇದನ್ನು ನಾನು ಅವರಿಗೆ ತಿಳಿಸಿ ಹೇಳಿದೆ. ಗಂಡ ಹೆಂಡತಿ ಕಟ್ಟೆಯ ಮೇಲೆ ಬಹಳ ಹೊತ್ತು ಕೂತರು. ಆಮೇಲೆ ಮಡೆಪ್ಪ ಎದ್ದು ಒಳಗೆ ಬಂದ. "ಹಿಮಾನೇ ಇರ್ಲಿರಿ," ಅಂದ. "ಹೊಟ್ಟಿ ತುಂಬ ತಿಂತಾವ."

ಈಗ ಸಂಸ್ಥಾನವೂ ಹೋಯಿತು. ಬೀದರ ಮೈಸೂರಿಗೆ ಸೇರಿತು, ಉರ್ದು ಹೋಗಿ ಕಾಗದಗಳು ಕನ್ನಡಕ್ಕೆ ಬಂದವು. ಗುಲಾಮ ರಸೂಲ ಸಾಹೇಬರು ಪೆನ್ಷನ್ ತಗೊಂಡರು, ಅವರ ಮೇಜು ನನಗೆ ಬಂತು. ಪಹಣಿಯನ್ನು ಕನ್ನಡಕ್ಕೆ ಇಳಿಸುವಾಗ 'ಬರ್ಫ' ಅಂತಿದ್ದಲ್ಲಿ 'ಹಿಮ' ಅಂತ ನಾನೇ ಶುದ್ಧವಾಗಿ ಬರೆದೆ. ಗುಡ್ಡದ ಮೇಲೆ ಹಿಮ ಇದೆ. ಊರವರು ಕೂಸುಗಳನ್ನು ಕರೆದೊಯ್ದು ತೋರಿಸುತ್ತಾರೆ.

ಹೋದ ವಾರ ಮುಂಜಾನೆ ಕಚೇರಿ ತೆಗೆಯುವುದಕ್ಕೂ ಮಡೆಪ್ಪ ಬಂದು ನಿಲ್ಲುವುದಕ್ಕೂ ಸರಿಹೋಯಿತು. ಕಂಬಳಿಯ ಮೇಲೆ ಹಿತ್ತಾಳೆ ಬಿಲ್ಲೆ, ಕೈಗೆ ಮೊಣಕೈ ತನಕ ಬಿಳಿ ಮಣ್ಣು. ನಮಸ್ಕಾರ ಮಾಡಿದ.

"ಎರಡು ಹಿಮ ಬಿದ್ದಾವ್ರಿ ಸಾಹೇಬ್ರ, ನಸಕಿನ್ಯಾಗ. ಒಂದು ಹೆಣ್ಣ, ಒಂದು ಗಂಡ. ಬರ್ಕೋರಿ."

ಬರೆದುಕೊಂಡೆ. "ತಾಯಿ ಹಿಮ ಹ್ಯಾಂಗದ?" ಅಂತ ಕೇಳಿದೆ.

"ಕರಗಿತ್ರಿ," ಅಂದ. ಅದು ಕೊಂಡವಾಡದಿಂದ ಬದುಕಿ ಬಂದವುಗಳಲ್ಲಿ ಕೊನೆಯದು, ನನಗೆ ಗೊತ್ತಿತ್ತು. ಪುತಳಾಬಾಯಿ ಅದಕ್ಕೆ ಗಂಗವ್ವ ಅಂತ ಕರೆಯುತ್ತಿದ್ದಳು.

ಒಂದು ಖಾನೆಯಲ್ಲಿ ಎರಡು ಕೂಡಿಸಿದೆ, ಇನ್ನೊಂದರಲ್ಲಿ ಒಂದು ಕಳೆದೆ. ಹಿಮದ ಮಟ್ಟ ಸರಿಯಾಗಿತ್ತು. ಮಡೆಪ್ಪ ಕಂಬಳಿಯ ತುದಿಯಿಂದ ಕಣ್ಣು ಒರೆಸಿಕೊಂಡು ಹೆಬ್ಬೆಟ್ಟು ಒತ್ತಿದ. "ಬರ್ತೇನ್ರಿ," ಅಂದ. "ಮರಿ ಇನ್ನಾ ಕರ್ರಗ ಅದಾವ, ಯಾರರೆ ನೋಡೂದ್ರೊಳಗ ಬಳೀಬೇಕು."